ಮುಂದಿನ ಗಾಲಿ ‘ಟಕ್’ ಅಂದರೆ ಮೊದಲು ಏನು ನೋಡಬೇಕು?

ನಮ್ಮದು ಚಳ್ಳಕೆರೆ ತಾಲೂಕು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಒಂದು. ಹನ್ನೊಂದು ಎಕರೆ ಮಳೆ ನಂಬಿದ ಹೊಲ. ಶೇಂಗಾ, ಅದರೊಳಗೆ ತೊಗರಿ ಅಕ್ಕಡಿ, ಒಂದಿಷ್ಟು ನವಣೆ. ನಾನು ಓದಿದ್ದು ಏಳನೇ ಕ್ಲಾಸು. ಗಾಡಿ ರಿಪೇರಿ ನನ್ನ ಕಸುಬಲ್ಲ. ಆದರೂ ಬರೆಯಲು ಕೂತಿದ್ದೇನೆ. ಯಾಕೆಂದರೆ ನನ್ನ ಗಾಡಿಯ ಮುಂದಿನ ಗಾಲಿ ಹತ್ತಿರ ಬರುತ್ತಿದ್ದ ಸದ್ದನ್ನು ಮೂರು ತಿಂಗಳು ಕೇಳಿಯೂ ಕೇಳದವನಂತೆ ಇದ್ದೆ. ಅದರಿಂದ ಏಳು ಜನರ ಜೀವಕ್ಕೆ ಕುತ್ತು ಬರುವುದಿತ್ತು.

ಈಗ ಬಹಳ ರೈತರ ಮನೆ ಮುಂದೆ ಎತ್ತು ಕಟ್ಟುವ ಜಾಗದಲ್ಲಿ ನಾಲ್ಕು ಗಾಲಿ ಗಾಡಿ ನಿಂತಿದೆ. ಅದು ಹೊಲದ ದಾರಿಯಲ್ಲಿ ‘ಟಕ್ ಟಕ್’ ಅಂದರೆ ನಾವು ಹೇಳುವುದು ಒಂದೇ ಮಾತು, “ಹಳೇ ಗಾಡಿ, ಇದ್ದದ್ದೇ ಬಿಡು.” ಆ ‘ಬಿಡು’ ಎಷ್ಟು ತುಟ್ಟಿ ಅನ್ನುವುದು ನನಗೆ ಗೊತ್ತಾಗಿದೆ. ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಎತ್ತು ಹೋಯ್ತು, ಗಾಡಿ ಬಂತು

ಜೋಡಿ ಎತ್ತು ಮಾರಿ, ಮೇಲೊಂದಿಷ್ಟು ಸಾಲ ಸೇರಿಸಿ 2018ರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಸಣ್ಣ ಗೂಡ್ಸ್ ಗಾಡಿ ತಂದೆ. ಕಾರಿನ ಹಾಗೆ ಸುರುಳಿ ಸ್ಪ್ರಿಂಗ್ ಇದಕ್ಕಿಲ್ಲ. ಮುಂದೆಯೂ ಹಿಂದೆಯೂ ಉದ್ದ ಆಕ್ಸಲ್, ಎರಡೂ ಬದಿಗೆ ಬ್ಲೇಡು ಸೆಟ್ಟು. ಲಾರಿಯದೇ ನಮೂನೆ, ಅಳತೆಯಲ್ಲಿ ಮಾತ್ರ ಚಿಕ್ಕದು.

ಎತ್ತಿನ ಗಾಡಿ ಇದ್ದಾಗ ಸದ್ದು ಕೇಳಿಯೇ ಹೇಳುತ್ತಿದ್ದೆವು. ಕಿರ್ ಅಂದರೆ ಅಚ್ಚಿಗೆ ಕೀಲೆಣ್ಣೆ ಬೇಕು. ಕಟಕಟ ಅಂದರೆ ಹಳಿ ಸಡಿಲಾಗಿದೆ. ಗಾಲಿ ಪಕ್ಕಕ್ಕೆ ಹೊಯ್ದಾಡಿದರೆ ಮೊದಲು ಕಡಾಣಿ ನೋಡು. ಇಂಜಿನ್ನು ಗಾಡಿ ಬಂದ ಮೇಲೆ ಆ ಕಿವಿ ಹೋಯ್ತು. ಎಲ್ಲ ಮೆಕ್ಯಾನಿಕ್ಕಿಗೆ ಗೊತ್ತು ಅಂತ ಸುಮ್ಮನಾದೆವು.

2022ನೇ ಇಸವಿ ನಮ್ಮ ಕಡೆಯ ಯಾರೂ ಮರೆಯುವುದಿಲ್ಲ. ವಾಣಿವಿಲಾಸ ಸಾಗರ 1933ರ ಮೇಲೆ ಮೊದಲ ಸಲ ಕೋಡಿ ಬಿದ್ದ ವರ್ಷ. ವೇದಾವತಿ ತುಂಬಿ ಹರಿಯಿತು. ಬಂದ ಮಳೆ ರಸ್ತೆಯನ್ನೂ ಕಿತ್ತುಕೊಂಡು ಹೋಯ್ತು. ಹೊಲದ ದಾರಿಯಂತೂ ಬರೀ ಗುಂಡಿ. ಅಂಥಾ ಒಂದು ಗುಂಡಿಯಲ್ಲಿ ಎಡಗಡೆ ಮುಂದಿನ ಬ್ಲೇಡು ಮುರಿಯಿತು. ಊರಿನ ಹತ್ತಿರದ ಗ್ಯಾರೇಜಿನಲ್ಲಿ ಹೊಸ ಬ್ಲೇಡು ಹಾಕಿಸಿದೆ. “ಯು ಬೋಲ್ಟೂ ಹೊಸವು ಹಾಕ್ಲಾ?” ಅಂತ ಹುಡುಗ ಕೇಳಿದ. “ಹಳೇವೇ ಗಟ್ಟಿ ಅದಾವಲ್ಲಪ್ಪ, ಅವ್ನೇ ಹಾಕು” ಅಂದವನು ನಾನೇ. ಹೋಗುವಾಗ ಅವನು ಇನ್ನೊಂದು ಮಾತು ಹೇಳಿದ್ದ, “ಯಜಮಾನ್ರೆ, ಬ್ಲೇಡು ಕೂತ್ಕಂಡ ಮೇಲೆ ನಟ್ಟು ಸಡಿಲ ಆಗ್ತವೆ. ಒಂದು ವಾರ ಓಡಿಸಿ ಬರ್ರಿ, ಇನ್ನೊಂದು ಸಲ ಬಿಗಿ ಮಾಡ್ತೀನಿ.”

ಶೇಂಗಾ ಕೀಳುವ ಕಾಲ. ಆಳು ಸಿಗುವುದೇ ಕಷ್ಟ. ನಾನು ಹೋಗಲಿಲ್ಲ.

ಸದ್ದು ಶುರುವಾಯ್ತು

ದೀಪಾವಳಿ ಹೊತ್ತಿಗೆ ಮುಂದುಗಡೆ ಒಂದು ‘ಟಕ್’ ಬರತೊಡಗಿತು. ದಿನಾ ಬರುತ್ತಿರಲಿಲ್ಲ. ನೆರೆಹೊಲದವರು ಕೂತು ಕೇಳಿ, “ಇದು ಶಾಕ್ಸು ಹೋಗಿರೋದು” ಅಂದರು. ನಾನು ಬೇರೆ ಗ್ಯಾರೇಜಿಗೆ ಹೋಗಿ “ಮುಂದಿನ ಶಾಕ್ ಅಬ್ಸಾರ್ಬರ್ ಎರಡೂ ಹಾಕು” ಅಂದೆ. ಅವರು ಹಾಕಿದರು. ಅವರದೇನು ತಪ್ಪು? ಯಾವಾಗ ಸದ್ದು ಬರುತ್ತದೆ ಅಂತ ನಾನು ಹೇಳಲಿಲ್ಲ, ಏನು ಹಾಕಬೇಕು ಅಂತ ಹೇಳಿದೆ. ಕೂಲಿ ಸೇರಿ 4,200 ರೂಪಾಯಿ. ಎರಡು ದಿನ ಸದ್ದು ಕಡಿಮೆ ಆದಂತೆ ಅನಿಸಿತು. ಮೂರನೇ ದಿನ ಮತ್ತೆ ‘ಟಕ್’.

ಆಮೇಲೆ ಇನ್ನೊಬ್ಬರ ಮಾತು ಕೇಳಿ ಶ್ಯಾಕಲ್ ಬುಶ್ ಹಾಕಿಸಿದೆ. 900 ರೂಪಾಯಿ. ಬುಶ್ ಸವೆದಿದ್ದವು, ಸುಳ್ಳಲ್ಲ. ಆದರೆ ಸದ್ದು ಅದರದಲ್ಲ.

2023ರ ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ತೊಗರಿ ಕೊಯ್ದು ಸಂಜೆ ವಾಪಸು ಬರುತ್ತಿದ್ದೆವು. ಹಿಂದೆ ತೊಗರಿ ಹೊರೆ ಮೇಲೆ ಐದು ಜನ ಹೆಣ್ಣಾಳು. ಮುಂದೆ ನಾನು, ನನ್ನ ತಮ್ಮ. ಗೂಡ್ಸ್ ಗಾಡಿಯಲ್ಲಿ ಜನ ಹತ್ತಿಸುವುದು ಕಾನೂನಿಗೂ ತಪ್ಪು, ಬುದ್ಧಿಗೂ ತಪ್ಪು. ಗೊತ್ತಿದ್ದೇ ಹತ್ತಿಸಿಕೊಂಡಿದ್ದೆ. ಹಳ್ಳದ ಇಳಿಜಾರಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ‘ಟಣ್’ ಅಂತ ಒಂದು ಏಟು. ಗಾಡಿ ತಾನೇ ಎಡಕ್ಕೆ ಎಳೆಯಿತು. ಸ್ಟೇರಿಂಗ್ ಬಲಕ್ಕೆ ತಿರುವಿದರೂ ಎಡಕ್ಕೇ ಹೋಯ್ತು. ಹಳ್ಳದ ಅಂಚಿನ ಬಳ್ಳಾರಿ ಜಾಲಿ ಪೊದೆಗೆ ಮೂತಿ ಕೊಟ್ಟು ನಿಂತಿತು. ಪೊದೆ ಇಲ್ಲದಿದ್ದರೆ ಮುಂದೆ ಎರಡಾಳು ಆಳ.

ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಇಳಿದರು. ಕೈಕಾಲು ನಡುಗುತ್ತಿದ್ದವು. ಅವರಲ್ಲಿ ಹಿರಿಯವಳು, ನಮ್ಮವ್ವನ ವಾರಿಗೆಯವಳು, ಸೆರಗು ಕೊಡವಿಕೊಂಡು ಒಂದೇ ಮಾತು ಕೇಳಿದಳು. “ಏನಪ್ಪಾ, ದೀಪಾವಳಿಯಿಂದ ಅದು ಕೂಗ್ತಾನೇ ಐತಲ್ಲ. ಹಿಂದೆ ಕುಂತ ನಮಗೆ ಕೇಳ್ತಿತ್ತು, ಮುಂದೆ ಕುಂತ ನಿನಗೆ ಕೇಳ್ಲಿಲ್ವಾ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿಂದ ಆ ಗಾಡಿ ಹಿಂದೆ ಜನ ಹತ್ತಿಸಿಲ್ಲ.

ಹಗ್ಗ ಹಿಡಿದು ಕಂಡುಕೊಂಡದ್ದು

ಪಕ್ಕದ ಊರಲ್ಲಿ ಮೊದಲು ಲಾರಿ ರಿಪೇರಿ ಮಾಡುತ್ತಿದ್ದ ಹಿರಿಯ ಮೇಸ್ತ್ರಿ ಒಬ್ಬರಿದ್ದಾರೆ. ತಮ್ಮ ಬೈಕಿನಲ್ಲಿ ಹೋಗಿ ಕರಕೊಂಡು ಬಂದ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು, “ಸದ್ದು ಯಾವಾಗ ಬತ್ತಿತ್ತು?” ನಾನು “ಯಾವಾಗಲೂ” ಅಂದೆ. “ಯಾವಾಗಲೂ ಅಂಬೋದು ಇರಲ್ಲ ಯಜಮಾನ್ರೆ. ಗುಂಡೀಲೋ, ಬ್ರೇಕಲ್ಲೋ, ತಿರುವಿನಲ್ಲೋ?” ನೆನೆಸಿಕೊಂಡೆ. ಬ್ರೇಕ್ ಹಾಕಿದಾಗ ಒಂದು ಸಲ. ರಿವರ್ಸ್ ಬಂದು ಬ್ರೇಕ್ ಹಾಕಿದಾಗ ಇನ್ನೊಂದು ಸಲ. ಬರೀ ಒಂದೊಂದೇ ‘ಟಕ್’.

ಅವರು ತೊಗರಿ ಹೊರೆ ಕಟ್ಟಿದ ಹಗ್ಗ ಬಿಚ್ಚಿಸಿದರು. ಗಾಲಿ ನೆಟ್ಟಗೆ ಮಾಡಿಸಿ, ಎಡಗಡೆ ಮುಂದಿನ ಗಾಲಿಯ ನಡುಮಧ್ಯದಿಂದ ಹಿಂದಿನ ಗಾಲಿಯ ನಡುಮಧ್ಯಕ್ಕೆ ಹಗ್ಗ ಬಿಗಿಯಾಗಿ ಹಿಡಿದು ಗಂಟು ಹಾಕಿದರು. ಅದೇ ಹಗ್ಗ ಬಲಗಡೆ ಹಿಡಿದರೆ ಗಂಟು ಗಾಲಿ ನಡುವಿಗೆ ಮುಟ್ಟಲಿಲ್ಲ, ಒಂದೂವರೆ ಬೆರಳು ಕಡಿಮೆ ಬಂತು. ಅಂದರೆ ಎಡಗಡೆ ಆಕ್ಸಲ್ ಒಂದೂವರೆ ಬೆರಳು ಹಿಂದಕ್ಕೆ ಸರಿದಿತ್ತು.

ಕೆಳಗೆ ನೋಡಿದಾಗ ಎಲ್ಲ ಕಂಡಿತು. ಆಕ್ಸಲ್ಲನ್ನೂ ಬ್ಲೇಡು ಸೆಟ್ಟನ್ನೂ ಸೇರಿಸಿ ಹಿಡಿಯುವುದು ಯು ಬೋಲ್ಟು. ಬ್ಲೇಡುಗಳ ನಡುವೆ ಇಳಿದು, ಕೆಳಗೆ ಆಕ್ಸಲ್ಲಿನ ತೂತಿನಲ್ಲಿ ತಲೆ ಕೂರಿಸಿ, ಆಕ್ಸಲ್ ಆ ಕಡೆ ಈ ಕಡೆ ಹೋಗದಂತೆ ಜಾಗ ತೋರಿಸುವುದು ಸೆಂಟರ್ ಬೋಲ್ಟು. ಹಿಡಿತದ ಕೆಲಸ ಯು ಬೋಲ್ಟಿನದು. ಅದು ಸಡಿಲಾದರೆ ಬ್ರೇಕಿನ ಪೂರಾ ಒತ್ತಡ ಬೆರಳು ಗಾತ್ರದ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಮೂರು ತಿಂಗಳು ‘ಟಕ್’ ಅಂದದ್ದು ಅದಕ್ಕೆ ಬಿದ್ದ ಏಟು. ಹಳ್ಳದ ಇಳಿಜಾರಿನಲ್ಲಿ ಅದು ಕತ್ತರಿಸಿಹೋಯ್ತು.

ಮರುದಿನ ಅಲ್ಲಿಯೇ ಹೊಸ ಸೆಂಟರ್ ಬೋಲ್ಟು, ಹೊಸ ಯು ಬೋಲ್ಟು ಹಾಕಿದರು. ಸಾಮಾನು, ಕೂಲಿ ಎಲ್ಲ ಸೇರಿ 1,450 ರೂಪಾಯಿ. ಅದಕ್ಕೆ ಮೊದಲು ನಾನು ಸುಮ್ಮನೆ ಖರ್ಚು ಮಾಡಿದ್ದು 5,100. ಶುರುವಿನಲ್ಲೇ ಹೋಗಿ ನಟ್ಟು ಬಿಗಿ ಮಾಡಿಸಿದ್ದರೆ ಒಂದು ಟೀ ಖರ್ಚು.

ಮೇಸ್ತ್ರಿ ಅವತ್ತು ಹೇಳಿಕೊಟ್ಟದ್ದು, ಆಮೇಲೆ ನಾನೇ ಮಾಡಿ ನೋಡಿದ್ದು ಮುಂದೆ ಬರೆದಿದ್ದೇನೆ.

ಎಲ್ಲಿ ಅನ್ನುವುದಕ್ಕಿಂತ ಮೊದಲು ಯಾವಾಗ

ಸದ್ದು ಎಲ್ಲಿ ಬರುತ್ತದೆ ಅಂತ ಒಳಗೆ ಕೂತು ಹುಡುಕಬಾರದು. ಚಾಸಿ ಕಬ್ಬಿಣದ್ದು. ಎಡಗಡೆ ಹುಟ್ಟಿದ ಸದ್ದು ಬಲಗಡೆ ಕೇಳುತ್ತದೆ, ಹಿಂದಿನದು ಮುಂದೆ ಬಂದಂತೆ ಅನಿಸುತ್ತದೆ. ಆದರೆ ಯಾವಾಗ ಬರುತ್ತದೆ ಅನ್ನುವುದರಲ್ಲಿ ಮೋಸ ಇಲ್ಲ. ಒಂದು ವಾರ ಜೇಬಿನಲ್ಲಿ ಚೀಟಿ ಇಟ್ಟುಕೊಂಡು ಬರೆಯಿರಿ. ಖಾಲಿಯೋ ಲೋಡೋ, ಗುಂಡಿಯೋ ತಿರುವೋ ಬ್ರೇಕೋ ಎಲ್ಲ ಬರೆಯಿರಿ.

ನಾನು ಮಾಡಿಕೊಂಡ ಪಟ್ಟಿ ಹೀಗಿದೆ:

- ಸಣ್ಣ ಸಣ್ಣ ಉಬ್ಬಿನಲ್ಲಿ ನಿಧಾನ ಹೋಗುವಾಗ ‘ಟಕಟಕ’: ಶಾಕ್ ಅಬ್ಸಾರ್ಬರಿನ ಮೇಲಿನ ಕೆಳಗಿನ ರಬ್ಬರು, ಶ್ಯಾಕಲ್ ಬುಶ್. ಕಾರು, ವ್ಯಾನಿನಲ್ಲಾದರೆ ಸ್ಟೆಬಿಲೈಸರ್ ಸರಳಿನ ಲಿಂಕ್ ಮತ್ತು ಬುಶ್.
- ದೊಡ್ಡ ಗುಂಡಿಯಲ್ಲಿ ಮಾತ್ರ ‘ದಡ್’: ಬ್ಲೇಡು ಕುಸಿದಿರಬಹುದು ಇಲ್ಲವೆ ಮುರಿದಿರಬಹುದು, ಶಾಕ್ಸು ಸತ್ತಿರಬಹುದು. ಆಕ್ಸಲ್ ಮೇಲೆದ್ದು ಚಾಸಿಯ ರಬ್ಬರ್ ತಡೆಗೆ ಹೊಡೆಯುತ್ತದೆ. ಲೋಡು ಹೆಚ್ಚಾದರೂ ಇದೇ ಸದ್ದು.
- ಬ್ರೇಕ್ ಹಾಕಿದಾಗ ಒಂದು, ರಿವರ್ಸಿನಲ್ಲಿ ಬ್ರೇಕ್ ಹಾಕಿದಾಗ ಒಂದು ‘ಟಕ್’: ಯು ಬೋಲ್ಟು, ಸೆಂಟರ್ ಬೋಲ್ಟು, ಬ್ಲೇಡಿನ ಕಣ್ಣಿನ ಬುಶ್. ಕಾರು, ವ್ಯಾನಿನಲ್ಲಿ ಲೋವರ್ ಆರ್ಮಿನ ಬುಶ್.
- ಉಬ್ಬುತಗ್ಗಿನಲ್ಲಿ ಬರುವ ಸದ್ದು ಬ್ರೇಕನ್ನು ಹಗುರಾಗಿ ಒತ್ತಿ ಹಿಡಿದರೆ ನಿಲ್ಲುತ್ತದೆ: ಡಿಸ್ಕ್ ಬ್ರೇಕಿನ ಪ್ಯಾಡು, ಕ್ಯಾಲಿಪರ್ ಪಿನ್ನು ಸಡಿಲು.
- ನಿಂತಲ್ಲೇ ಸ್ಟೇರಿಂಗ್ ತಿರುವಿದಾಗ ‘ಟಕ್’: ಟೈ ರಾಡ್ ಎಂಡ್, ಕಿಂಗ್ ಪಿನ್ನು, ಸ್ಟೇರಿಂಗ್ ಬಾಕ್ಸ್ ಕೂತ ಬೋಲ್ಟು. ಕಾರು, ವ್ಯಾನಿನಲ್ಲಿ ಬಾಲ್ ಜಾಯಿಂಟ್, ಸ್ಟ್ರಟ್ಟಿನ ಮೇಲಿನ ಮೌಂಟಿಂಗು.
- ಮುಂದಿನ ಗಾಲಿ ಎಳೆಯುವ ಕಾರು ಪೂರಾ ತಿರುವಿ ಹೊರಡುವಾಗ ‘ಕಟಕಟಕಟ’: ಡ್ರೈವ್ ಶಾಫ್ಟಿನ ಜಾಯಿಂಟು. ಇದು ಸಸ್ಪೆನ್ಷನ್ನಿನ ಸದ್ದಲ್ಲ.

ಒಂದು ಮಾತು ನೆನಪಿರಲಿ. ಶಾಕ್ಸು ಕೆಟ್ಟರೆ ಸಾಮಾನ್ಯವಾಗಿ ಗಾಡಿ ಕುಣಿಯುತ್ತದೆ, ‘ಟಕ್’ ಅನ್ನುವುದಿಲ್ಲ. ‘ಟಕ್’ ಅಂದರೆ ಎಲ್ಲೋ ಎರಡು ಕಬ್ಬಿಣದ ನಡುವೆ ಜಾಗ ಆಗಿದೆ ಅಂತ ಅರ್ಥ. ಶಾಕ್ಸಿನ ತುದಿಯ ರಬ್ಬರು ಸವೆದರೂ ‘ಟಕ್’ ಬರುತ್ತದೆ. ಆಗ ರಬ್ಬರು ಹಾಕಿದರೆ ಸಾಕು, ಶಾಕ್ಸೇ ಬದಲಿಸಬೇಕಿಲ್ಲ.

ಮೊದಲು ಸುಮ್ಮನೆ ಕುಲುಕುವ ಸಾಮಾನು

ಕೆಳಗೆ ಮಲಗುವ ಮೊದಲು ಜಾಕ್, ಸ್ಪ್ಯಾನರ್ ಚೀಲ, ಸ್ಟೆಪ್ನಿ, ಬ್ಯಾಟರಿ ಪಟ್ಟಿ, ಮಡ್‌ಗಾರ್ಡ್, ಸೈಲೆನ್ಸರ್ ತೂಗುವ ರಬ್ಬರು ಎಲ್ಲವನ್ನೂ ಒಂದೊಂದಾಗಿ ಅಲ್ಲಾಡಿಸಿ ನೋಡಿ. ನಮ್ಮ ಸೋದರಳಿಯ ತನ್ನ ಕಾರಿನ ಸದ್ದಿಗೆ ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದ. ಕೊನೆಗೆ ಸೀಟಿನಡಿ ಬಿದ್ದಿದ್ದ ನೇಗಿಲ ಗುಳ ಸಿಕ್ಕಿತು.

ಆಮೇಲೆ ಗಾಲಿ ನಟ್ಟು. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದೇ. ಪಂಕ್ಚರ್ ಹಾಕಿಸಿದ ಮೇಲೆ ಸಡಿಲು ಬಿಟ್ಟದ್ದಿದ್ದರೆ ಇಲ್ಲೇ ಸಿಗುತ್ತದೆ. ಬಿಗಿ ಮಾಡುವಾಗ ಎದುರುಬದುರು ನಟ್ಟು ಮಾಡುತ್ತಾ ಹೋಗಬೇಕು.

ಗಾಡಿ ನೆಲದ ಮೇಲೆ ನಿಂತಿರುವಾಗ

ಬ್ಲೇಡು, ಬುಶ್ ನೋಡುವಾಗ ಗಾಡಿಯ ಭಾರ ಗಾಲಿ ಮೇಲೆಯೇ ಇರಬೇಕು. ಮಟ್ಟಸ ನೆಲ, ಇಂಜಿನ್ ಬಂದ್, ಗೇರಿನಲ್ಲಿ ಹಾಕಿ, ಹಿಂದಿನ ಗಾಲಿಗೆ ಮುಂದೂ ಹಿಂದೂ ಕಲ್ಲು ಕೊಡಿ. ಹಗಲಾದರೂ ಟಾರ್ಚು ಬೇಕು.

ಮೊದಲು ಕಣ್ಣಿನ ಕೆಲಸ. ಬ್ಲೇಡುಗಳನ್ನು ಒಂದೊಂದಾಗಿ ಎಣಿಸಿ, ಬಿರುಕು ಇದೆಯೇ ನೋಡಿ. ಒರೆಸಿ ನೋಡಬೇಕು, ಮಣ್ಣಿನಡಿ ಬಿರುಕು ಕಾಣುವುದಿಲ್ಲ. ಮುರಿದ ಬ್ಲೇಡು ಒಂದು ಪಕ್ಕಕ್ಕೆ ಸರಿದಿರುತ್ತದೆ. ಯು ಬೋಲ್ಟಿನ ಬುಡದಲ್ಲಿ, ಬುಶ್ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಅಥವಾ ಕಬ್ಬಿಣ ಉಜ್ಜಿ ಬೆಳ್ಳಗೆ ಹೊಳೆಯುತ್ತಿದ್ದರೆ ಅಲ್ಲಿ ಏನೋ ಅಲ್ಲಾಡುತ್ತಿದೆ ಅಂತಲೇ ಗುರುತು. ಬಿಗಿ ಇದ್ದ ಜಾಗದಲ್ಲಿ ಧೂಳು ಸಮನಾಗಿ ಕೂತಿರುತ್ತದೆ. ಶಾಕ್ಸಿನ ಮೈ ಎಣ್ಣೆಯಿಂದ ತೊಯ್ದು ಧೂಳು ಮೆತ್ತಿದ್ದರೆ ಅದು ಸೋರಿದೆ.

ಎರಡನೆಯದು ಹಾರೆ. ಬ್ಲೇಡಿನ ಕಣ್ಣಿಗೂ ಬ್ರಾಕೆಟ್ಟಿಗೂ ನಡುವೆ ಸಣ್ಣ ಹಾರೆ ತುದಿ ಕೊಟ್ಟು ಹಗುರಾಗಿ ಮೀಟಿ. ರಬ್ಬರು ಸ್ವಲ್ಪ ಒತ್ತಿ ವಾಪಸು ಬಂದರೆ ಚಿಂತೆ ಇಲ್ಲ. ಕಬ್ಬಿಣ ಕಬ್ಬಿಣಕ್ಕೆ ತಾಗಿ ‘ಟಕ್’ ಅಂದರೆ ಬುಶ್ ಹೋಗಿದೆ.

ಮೂರನೆಯದಕ್ಕೆ ಇಬ್ಬರು ಬೇಕು. ಒಬ್ಬರು ಇಂಜಿನ್ ಬಂದ್ ಇಟ್ಟೇ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ನಾಲ್ಕು ಬೆರಳಿನಷ್ಟು ಬೇಗ ಬೇಗ ಆಡಿಸಬೇಕು. ಇನ್ನೊಬ್ಬರು ಟೈ ರಾಡಿನ ಒಂದೊಂದು ಕೀಲಿನ ಮೇಲೂ ಕೈ ಇಡಬೇಕು. ಕೆಟ್ಟ ಕೀಲು ಬೆರಳಿಗೆ ಏಟು ಕೊಡುತ್ತದೆ. ಕಿವಿಗಿಂತ ಕೈ ಚೆನ್ನಾಗಿ ಹೇಳುತ್ತದೆ.

ನಾಲ್ಕನೆಯದು ಹಗ್ಗ. ನಮ್ಮ ಮೇಸ್ತ್ರಿ ಮಾಡಿದ ಹಾಗೆ ಎರಡೂ ಬದಿ ಅಳೆಯಿರಿ. ಎರಡಾಣೆ ಖರ್ಚಿಲ್ಲದ ಪರೀಕ್ಷೆ. ಒಂದು ನೂಲು ಹೆಚ್ಚುಕಡಿಮೆ ಇದ್ದರೆ ಅದು ಕೈತಪ್ಪು. ಒಂದು ಬೆರಳು ಅಂದರೆ ಗಾಡಿ ಓಡಿಸಬೇಡಿ.

ಶಾಕ್ಸು ನೋಡುವುದಕ್ಕೆ ಕಾರಿನ ಮೂಲೆ ಒತ್ತಿ ಬಿಡುತ್ತಾರೆ. ಒಂದು ಸಲ ಎದ್ದು ಕೂತರೆ ಸರಿ, ಮೂರ್ನಾಲ್ಕು ಸಲ ಕುಣಿದರೆ ಶಾಕ್ಸು ಹೋಗಿದೆ. ಇದು ಕಾರಿಗೆ ಸರಿ. ಖಾಲಿ ಗೂಡ್ಸ್ ಗಾಡಿಯ ಬ್ಲೇಡು ಗಡುಸು, ಒತ್ತಿದರೂ ಕದಲುವುದಿಲ್ಲ. ಹಾಗಾಗಿ ಇದನ್ನೇ ನಂಬಬೇಡಿ.

ಗಾಲಿ ಎತ್ತಿ ನೋಡುವಾಗ

ಬರೀ ಜಾಕ್ ನಂಬಿ ಯಾವತ್ತೂ ಗಾಡಿಯ ಕೆಳಗೆ ಹೋಗಬಾರದು. ಆಕ್ಸಲ್ ಕೆಳಗೆ ಸ್ಟ್ಯಾಂಡು ಅಥವಾ ಗಟ್ಟಿ ಮರದ ದಿಮ್ಮಿ ಕೊಡಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಕೂಡದು. ಅವು ಒಮ್ಮೆಗೇ ಪುಡಿಯಾಗುತ್ತವೆ.

ಎತ್ತಿದ ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ, ಒಳಗೆ ಹೊರಗೆ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗು ಅಥವಾ ಕಿಂಗ್ ಪಿನ್ನು. ಯಾವುದು? ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗು. ನಿಲ್ಲದಿದ್ದರೆ ಕಿಂಗ್ ಪಿನ್ನು, ಕಾರಿನಲ್ಲಾದರೆ ಬಾಲ್ ಜಾಯಿಂಟು. ನನಗೆ ಬಹಳ ಉಪಯೋಗಕ್ಕೆ ಬಂದ ಪರೀಕ್ಷೆ ಇದು.

ಆಮೇಲೆ ಎರಡೂ ಪಕ್ಕ, ಅಂದರೆ 9 ಮತ್ತು 3ರ ಜಾಗ ಹಿಡಿದು ಆಡಿಸಿ. ಇಲ್ಲಿ ಮಾತ್ರ ಆಟ ಇದ್ದು 12-6ರಲ್ಲಿ ಇಲ್ಲದಿದ್ದರೆ ಟೈ ರಾಡ್ ಎಂಡಿನ ಕಡೆ ನೋಡಬೇಕು.

ಚಾಕ್‌ಪೀಸಿನ ಗೆರೆ

ನಟ್ಟು ಬಿಗಿ ಇದೆಯೋ ಸಡಿಲಾಗುತ್ತಿದೆಯೋ ಅನ್ನುವ ಅನುಮಾನ ಇದ್ದರೆ ನಟ್ಟಿನ ಮೇಲಿಂದ ಪ್ಲೇಟಿನ ಮೇಲಕ್ಕೆ ಒಂದು ನೇರ ಗೆರೆ ಎಳೆಯಿರಿ. ಪೇಂಟ್ ಇದ್ದರೆ ಇನ್ನೂ ಒಳ್ಳೆಯದು. ಎರಡು ದಿನ ಓಡಿಸಿ ನೋಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಈಗ ನನ್ನ ಗಾಡಿಯ ಎಂಟು ಯು ಬೋಲ್ಟ್ ನಟ್ಟಿಗೂ ಬಿಳಿ ಗೆರೆ ಇದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಬಗ್ಗಿ ಒಂದು ಕಣ್ಣು ಹಾಯಿಸುತ್ತೇನೆ. ಮೊಮ್ಮಗಳು “ತಾತ ಗಾಡಿಗೆ ನಮಸ್ಕಾರ ಮಾಡ್ತೈತೆ” ಅಂತ ನಗುತ್ತಾಳೆ.

ಬಿಗಿ ಮಾಡುವುದಕ್ಕೂ ರೀತಿ ಇದೆ

ಯು ಬೋಲ್ಟಿನ ನಾಲ್ಕು ನಟ್ಟನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬರಬೇಕು. ಒಂದನ್ನೇ ಪೂರಾ ಬಿಗಿದರೆ ಪ್ಲೇಟು ಓರೆಯಾಗಿ ಕೂರುತ್ತದೆ. ಬ್ಲೇಡು ಬಿಚ್ಚಿದರೆ ಯು ಬೋಲ್ಟು ಹೊಸದೇ ಹಾಕಿಸಿ. ಒಮ್ಮೆ ಎಳೆದ ಬೋಲ್ಟು ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿ ಮಾಡಿಸಲೇಬೇಕು. ನಾನು ತಪ್ಪಿದ್ದು ಇಲ್ಲೇ.

ರಬ್ಬರ್ ಬುಶ್ ಇರುವ ಬೋಲ್ಟನ್ನು ಗಾಲಿ ನೇತಾಡುತ್ತಿರುವಾಗ ಕೊನೆ ಬಿಗಿ ಮಾಡಬಾರದು. ಗಾಡಿ ನೆಲಕ್ಕೆ ಇಳಿಸಿ, ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲವಾದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ರಬ್ಬರಿಗೆ ಗ್ರೀಸು, ಇಂಜಿನ್ ಆಯಿಲ್ ಹಚ್ಚಬೇಡಿ, ಉಬ್ಬಿ ಹಾಳಾಗುತ್ತದೆ. ಗ್ರೀಸ್ ನಿಪ್ಪಲ್ ಇರುವ ಕಿಂಗ್ ಪಿನ್ನು, ಶ್ಯಾಕಲ್ ಪಿನ್ನಿಗೆ ಮಾತ್ರ ಗ್ರೀಸು ಹೊಡೆಯಬೇಕು. ಒಳಗಿನ ಹಳೇ ಕೊಳೆ ಹೊರಗೆ ಬರುವ ತನಕ ಹೊಡೆಯಿರಿ.

ಟ್ರ್ಯಾಕ್ಟರ್ ಇರುವವರಿಗೆ

ನಮ್ಮ ಕಡೆಯ ಬಹುತೇಕ ಟ್ರ್ಯಾಕ್ಟರಿಗೆ ಮುಂದೆ ಸ್ಪ್ರಿಂಗೇ ಇಲ್ಲ. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತಕ್ಕಡಿಯಂತೆ ತೂಗುತ್ತದೆ. ಬದು ಹತ್ತಿ ಇಳಿಯುವಾಗ ‘ದಡ್’ ಅಂದರೆ ಆ ನಡುವಿನ ಪಿನ್ನು, ಬುಶ್ ಸವೆದಿದೆ. ಆಕ್ಸಲ್ ನಡುವಿಗೆ ಜಾಕ್ ಕೊಡದೆ, ಮುಂಭಾಗವನ್ನೇ ಎತ್ತಿ ದಿಮ್ಮಿ ಕೊಟ್ಟು ಆಕ್ಸಲನ್ನು ಹಿಂದೆ ಮುಂದೆ ಆಡಿಸಿದರೆ ಗೊತ್ತಾಗುತ್ತದೆ. ಉಳಿದಂತೆ ಕಿಂಗ್ ಪಿನ್ನು, ಟೈ ರಾಡು ನೋಡುವ ರೀತಿ ಒಂದೇ.

ಯಾವ ಸದ್ದಿಗೆ ಕಾಯಬಾರದು?

ಶಾಕ್ಸಿನ ರಬ್ಬರು, ಸ್ಟೆಬಿಲೈಸರ್ ಲಿಂಕು ಸವೆದರೆ ನಾಲ್ಕು ದಿನ ತಡೆದೀತು. ಆದರೆ ಸದ್ದಿನ ಜೊತೆ ಇವುಗಳಲ್ಲಿ ಒಂದಿದ್ದರೂ ಗಾಡಿ ನಿಂತಲ್ಲೇ ನಿಲ್ಲಲಿ: ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯುವುದು, ನೇರ ಹೋಗುವಾಗ ಸ್ಟೇರಿಂಗ್ ಓರೆ ನಿಲ್ಲುವುದು, ಸ್ಟೇರಿಂಗಿನಲ್ಲಿ ಹೊಸದಾಗಿ ಆಟ ಕಾಣುವುದು, ಟೈ ರಾಡ್ ಎಂಡು, ಬಾಲ್ ಜಾಯಿಂಟಿನಲ್ಲಿ ಆಟ, ಹಗ್ಗದ ಅಳತೆ ತಪ್ಪುವುದು. ಬಾಲ್ ಜಾಯಿಂಟ್ ಕಳಚಿದರೆ ಗಾಲಿ ಮಡಚಿಕೊಳ್ಳುತ್ತದೆ. ಆಮೇಲೆ ಸ್ಟೇರಿಂಗ್ ಹಿಡಿದರೂ ಒಂದೇ, ಬಿಟ್ಟರೂ ಒಂದೇ.

ಮೆಕ್ಯಾನಿಕ್ಕಿಗೆ ಏನು ಹೇಳಬೇಕು?

ಇಷ್ಟೆಲ್ಲಾ ತಿಳಿದ ಮೇಲೂ ನಾನು ಬ್ಲೇಡು ಬಿಚ್ಚುವುದಿಲ್ಲ, ಬಾಲ್ ಜಾಯಿಂಟಿಗೆ ಕೈ ಹಾಕುವುದಿಲ್ಲ. ಅದು ಅವರ ಕೆಲಸ. ಆದರೆ ಈಗ “ಶಾಕ್ಸು ಹಾಕು” ಅಂತ ಹೋಗುವುದಿಲ್ಲ. ಚೀಟಿ ತೆಗೆದು ಓದುತ್ತೇನೆ: “ಲೋಡ್ ಇದ್ದಾಗ, ನಿಧಾನದಲ್ಲಿ, ಬ್ರೇಕ್ ಹಾಕಿದಾಗ, ಒಂದೇ ಸಲ.” ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅದೇ ದಾರಿಯಲ್ಲಿ ಓಡಿಸಿ ಕೇಳಿಸುತ್ತೇನೆ. ಏನು ಬದಲಿಸಿದರೂ ಹಳೇ ಸಾಮಾನು ಕೈಗೆ ಇಸಕೊಂಡು ಎಲ್ಲಿ ಸವೆದಿದೆ ಅಂತ ನೋಡುತ್ತೇನೆ. ಒಂದು ಸಲಕ್ಕೆ ಒಂದೇ ಸಾಮಾನು. ಎರಡು ಮೂರು ಒಟ್ಟಿಗೆ ಹಾಕಿದರೆ ಯಾವುದರಿಂದ ಸದ್ದು ಹೋಯ್ತು ಅಂತ ಯಾರಿಗೂ ತಿಳಿಯುವುದಿಲ್ಲ.

ಡಾಕ್ಟರ ಹತ್ತಿರ ಹೋದರೆ ನೋವು ಯಾವಾಗ ಬರುತ್ತದೆ ಅಂತ ಹೇಳುತ್ತೇವೆ, ಇಂಥಾದ್ದೇ ಇಂಜೆಕ್ಷನ್ ಕೊಡಿ ಅನ್ನುವುದಿಲ್ಲ. ಗಾಡಿಗೂ ಹಾಗೇ.

ಗಾಡಿ ಈಗಲೂ ನನ್ನ ಹತ್ತಿರವೇ ಇದೆ. ಶೇಂಗಾ ಚೀಲ ಹೇರಿಕೊಂಡು ಚಳ್ಳಕೆರೆ ಮಂಡಿಗೆ ಹೋಗಿ ಬರುತ್ತದೆ. ಹಳೇ ಗಾಡಿ, ಸದ್ದು ಇದ್ದೇ ಇದೆ. ಆದರೆ ಯಾವ ಸದ್ದು ಯಾವುದರದ್ದು ಅಂತ ಈಗ ಗೊತ್ತು. ಹೊಸ ಸದ್ದೊಂದು ಬಂದರೆ ಅವತ್ತೇ ನಿಲ್ಲಿಸಿ ಬಗ್ಗಿ ನೋಡುತ್ತೇನೆ.

ಆ ಅಜ್ಜಿ ಈಗಲೂ ನಮ್ಮ ಹೊಲಕ್ಕೆ ಕೆಲಸಕ್ಕೆ ಬರುತ್ತಾಳೆ. ನಡೆದೇ ಬರುತ್ತಾಳೆ. ದಾರಿಯಲ್ಲಿ ನನ್ನ ಗಾಡಿ ಎದುರಾದರೆ ಒಂದು ಗಳಿಗೆ ನಿಂತು ಕಿವಿಗೊಟ್ಟು ಕೇಳುತ್ತಾಳೆ. ಆಮೇಲೆ “ಹೋಗಪ್ಪ, ಸುಮ್ಮನೈತೆ” ಅನ್ನುತ್ತಾಳೆ.